ಪ್ಲೇಟ್‌ನಲ್ಲಿ ಬೇಡದ ಕಾಲನಿ, ಸ್ಲೈಡ್‌ನಲ್ಲಿ ತಪ್ಪು ಬಣ್ಣ: ಸೂಕ್ಷ್ಮಜೀವಿ ಪ್ರಯೋಗಾಲಯದ ದೋಷ ನಿವಾರಣೆ ಕೈಪಿಡಿ

ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕೆಲಸ ಕೆಟ್ಟಿದೆ ಎಂಬುದು ತಿಳಿಯುವುದು ಸಾಮಾನ್ಯವಾಗಿ ಮರುದಿನ. ಇನ್‌ಕ್ಯುಬೇಟರ್‌ನಿಂದ ಹೊರತೆಗೆದ ಪ್ಲೇಟ್‌ನಲ್ಲಿ (ಜೀವಿ ಬೆಳೆಸುವ ತಟ್ಟೆಯಲ್ಲಿ) ನಾವು ಹಾಕದೇ ಇದ್ದ ಕಾಲನಿಯೊಂದು, ಅಂದರೆ ಒಂದೆಡೆ ಬೆಳೆದ ಸೂಕ್ಷ್ಮಜೀವಿಗಳ ಗುಂಪು, ಕುಳಿತಿರುತ್ತದೆ, ಇಲ್ಲವೇ ನೇರಳೆಯಾಗಿ ಕಾಣಬೇಕಿದ್ದ ಬ್ಯಾಕ್ಟೀರಿಯಾ ಗುಲಾಬಿಯಾಗಿ ಕಾಣುತ್ತದೆ. ಆಗ ಎಲ್ಲವನ್ನೂ ಎಸೆದು ಮೊದಲಿನಿಂದ ಶುರುಮಾಡಬೇಕೆಂದು ಮನಸ್ಸು ಹೇಳುತ್ತದೆ. ಆದರೆ ದೋಷ ಎಲ್ಲಿಂದ ಬಂತು ಎಂಬುದಕ್ಕೆ ಉಳಿದಿರುವ ಸಾಕ್ಷ್ಯ ಆ ಕೆಟ್ಟ ಪ್ಲೇಟ್ ಒಂದೇ. ಅದನ್ನು ಓದದೆ ಎಸೆದರೆ ಅದೇ ದೋಷ ಮುಂದಿನ ವಾರವೂ ಬರುತ್ತದೆ.

ಆ ಸಾಕ್ಷ್ಯವನ್ನು ಓದಲು ಬೇಕಾದ ತಿಳಿವಳಿಕೆ ಬ್ಯಾಕ್ಟೀರಿಯಾದ ಕೋಶರಚನೆಯಲ್ಲಿದೆ ಎಂಬುದು ಈ ಕೈಪಿಡಿಯ ಮುಖ್ಯ ಮಾತು. ಥಿಯರಿ ತರಗತಿಯಲ್ಲಿ ಕೋಶಭಿತ್ತಿ, ಕೋಶಕವಚ (ಹೊರಗಿನ ಲೋಳೆ ಹೊದಿಕೆ), ಕಶಾಂಗ (ಚಲಿಸಲು ನೆರವಾಗುವ ಬಾಲ), ಅಂತರ್ಬೀಜಾಣು (ಕೋಶದೊಳಗಿನ ಗಟ್ಟಿ ಬೀಜರೂಪ) ಎಂದು ಚಿತ್ರ ಬರೆದು ಭಾಗಗಳನ್ನು ಗುರುತಿಸುತ್ತೇವೆ. ಪ್ರಾಯೋಗಿಕ ತರಗತಿಯಲ್ಲಿ ಲೂಪ್ (ಜೀವಿಗಳನ್ನು ಎತ್ತುವ ಉಂಗುರತುದಿಯ ತಂತಿ) ಕಾಯಿಸುವುದು, ಆಲ್ಕೋಹಾಲ್‌ನಿಂದ ಮೇಜು ಒರೆಸುವುದು ಎಂದು ಬೇರೆಯೇ ಪಟ್ಟಿಯನ್ನು ಕಲಿಯುತ್ತೇವೆ. ಇವೆರಡನ್ನೂ ಜೋಡಿಸದಿದ್ದರೆ ಅಸೆಪ್ಟಿಕ್ ಕ್ರಮವು (ಬೇಡದ ಜೀವಿ ಸೇರದಂತೆ ಕೆಲಸ ಮಾಡುವ ರೀತಿ) ಕಾರಣ ಗೊತ್ತಿಲ್ಲದೆ ಪಾಲಿಸುವ ಆಚರಣೆಯಾಗಿಬಿಡುತ್ತದೆ. ಬೇಡದ ಜೀವಿ ಹೇಗೆ ಬದುಕಿ ಉಳಿಯಿತು ಎಂದು ಕೇಳಿದರೆ ಉತ್ತರ ಬಹುಪಾಲು ಅದರ ಕೋಶದ ಯಾವುದೋ ಒಂದು ಭಾಗದಲ್ಲಿರುತ್ತದೆ.

## ಮುಚ್ಚಳ ತೆರೆಯುವ ಮುನ್ನ

ಏನು ಬೆಳೆದಿದೆಯೆಂದು ಗೊತ್ತಿಲ್ಲದ ಪ್ಲೇಟ್ ಅನ್ನು ರೋಗಕಾರಕ ಇರುವ ಪ್ಲೇಟ್ ಎಂದೇ ಭಾವಿಸಿ. ಮುಚ್ಚಳ ತೆರೆಯದೆ ಮೊದಲು ತಳದಿಂದ ನೋಡಿ, ಆಮೇಲೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕಾಲನಿಯನ್ನು ಮೂಸಿ ಗುರುತಿಸುವ ಹಳೆಯ ರೂಢಿ ಅಪಾಯಕಾರಿ. ಯಾವ ಕಾರಣಕ್ಕೂ ಅದನ್ನು ಮಾಡಬೇಡಿ. ಕಾಲನಿ ಇರುವ ಸ್ಥಳ, ಅದು ಅಗರ್‌ನ (ಜೀವಿಗೆ ಆಹಾರವಾಗುವ ಗಟ್ಟಿ ಮಾಧ್ಯಮದ) ಮೇಲಿದೆಯೇ ಅಥವಾ ಒಳಗಿದೆಯೇ, ಎಷ್ಟು ಪ್ಲೇಟ್‌ಗಳಲ್ಲಿ ಅದೇ ರೂಪ ಕಾಣುತ್ತಿದೆ ಎಂಬ ಮೂರು ಸಂಗತಿಗಳನ್ನು ಬರೆದುಕೊಳ್ಳಿ. ಬಹಳಷ್ಟು ದೋಷಗಳನ್ನು ಈ ಮೂರರಿಂದಲೇ, ಒಂದು ರೂಪಾಯಿ ಖರ್ಚಿಲ್ಲದೆ ಪತ್ತೆಹಚ್ಚಬಹುದು.

ಮುಂದಿನ ಪರೀಕ್ಷೆಗಳಿಗೆಲ್ಲ ಆಧಾರವಾಗುವುದು ಹೋಲಿಕೆಗಾಗಿ ಇಡುವ ಮೂರು ಕಂಟ್ರೋಲ್ ಪ್ಲೇಟ್‌ಗಳು. ಒಂದನ್ನು ಸುರಿದ ಮೇಲೆ ತೆರೆಯದೆ ಹಾಗೆಯೇ ಇನ್‌ಕ್ಯುಬೇಟರ್‌ನಲ್ಲಿಡಬೇಕು. ಇದು ಮಾಧ್ಯಮದ ಬಗ್ಗೆ ಹೇಳುತ್ತದೆ. ಇನ್ನೊಂದರ ಮೇಲೆ ಕಾಯಿಸಿ ತಣಿಸಿದ ಬರಿಯ ಲೂಪ್‌ನಿಂದ ಗೆರೆ ಎಳೆಯಬೇಕು. ಇದು ಕೈಕೆಲಸದ ಬಗ್ಗೆ ಹೇಳುತ್ತದೆ. ಮೂರನೆಯದರಲ್ಲಿ ಚೆನ್ನಾಗಿ ಗೊತ್ತಿರುವ ಕಲ್ಚರ್ (ಬೆಳೆಸಿಟ್ಟ ಜೀವಿ) ಹಾಕಬೇಕು. ಮಾಧ್ಯಮದಲ್ಲಿ ಜೀವಿ ಬೆಳೆಯಬಲ್ಲದೇ ಎಂಬುದನ್ನು ಇದು ಹೇಳುತ್ತದೆ. ಮಾಧ್ಯಮ ಉಳಿತಾಯದ ನೆಪದಲ್ಲಿ ಈ ಮೂರನ್ನು ಕೈಬಿಡುವ ಲ್ಯಾಬ್‌ಗಳು ಕೊನೆಗೆ ಇಡೀ ಬ್ಯಾಚನ್ನೇ ಕಳೆದುಕೊಳ್ಳುತ್ತವೆ.

## ಲಕ್ಷಣ: ಏನೂ ಹಾಕದ, ತೆರೆಯದ ಪ್ಲೇಟ್‌ನಲ್ಲೇ ಕಾಲನಿಗಳು ಬಂದಿವೆ

ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಕಾಲನಿ ಮೇಲ್ಮೈಯಲ್ಲಿದೆಯೇ ಅಥವಾ ಅಗರ್‌ನೊಳಗೆ ಹುದುಗಿದೆಯೇ ಎಂಬುದು. ಮೇಲ್ಮೈಯ ಕಾಲನಿ ದುಂಡಾಗಿ ಹರಡಿರುತ್ತದೆ. ಒಳಗೆ ಹುದುಗಿದ್ದು ಚಿಕ್ಕದಾಗಿ, ಮಸೂರದ ಆಕಾರದಲ್ಲಿರುತ್ತದೆ. ಮೇಲ್ಮೈಯಲ್ಲಿ ಮಾತ್ರ, ಅದೂ ಕೆಲವೇ ಪ್ಲೇಟ್‌ಗಳಲ್ಲಿ ಇದ್ದರೆ, ಮಾಧ್ಯಮವನ್ನು ಸುರಿಯುವಾಗ ಅಥವಾ ಗಟ್ಟಿಯಾಗುವಾಗ ಗಾಳಿಯಿಂದ ಬಿದ್ದಿದೆ ಎಂದರ್ಥ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮುಚ್ಚಳವನ್ನು ಪೂರ್ತಿ ತೆಗೆಯದೆ ಒಂದು ಕಡೆಯಿಂದ ಮಾತ್ರ ಎತ್ತಿ ಸುರಿದು ನೋಡಿ. ಸುರಿಯುವಾಗ ಮಾಧ್ಯಮ 45ರಿಂದ 50 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಅದಕ್ಕಿಂತ ಬಿಸಿಯಿದ್ದರೆ ಮುಚ್ಚಳದೊಳಗೆ ನೀರಿನ ಹನಿಗಳು ಕಟ್ಟುತ್ತವೆ; ತೀರಾ ತಣಿದರೆ ಅಗರ್ ಫ್ಲಾಸ್ಕ್‌ನಲ್ಲೇ ಗಂಟುಕಟ್ಟುತ್ತದೆ, ಸುರಿಯಲು ಹೆಚ್ಚು ಹೊತ್ತು ಹಿಡಿದು ಗಾಳಿಗೆ ತೆರೆದಿಟ್ಟಂತೆಯೂ ಆಗುತ್ತದೆ.

ಆದರೆ ಬ್ಯಾಚ್‌ನ ಎಲ್ಲ ಪ್ಲೇಟ್‌ಗಳಲ್ಲಿ, ಅಗರ್‌ನೊಳಗೂ ಹೊರಗೂ ಸಮನಾಗಿ ಒಂದೇ ರೂಪದ ಕಾಲನಿ ಹರಡಿದ್ದರೆ ಕೈಕೆಲಸವನ್ನು ದೂರುವ ಅಗತ್ಯವಿಲ್ಲ. ಮಾಧ್ಯಮ ಆಟೊಕ್ಲೇವ್‌ನಿಂದ (ಒತ್ತಡದ ಹಬೆಯಲ್ಲಿ ಜೀವಿಗಳನ್ನು ಕೊಲ್ಲುವ ಪಾತ್ರೆಯಿಂದ) ಹೊರಬಂದಾಗಲೇ ಅದರಲ್ಲಿ ಜೀವವಿತ್ತು. ಅಂಥ ಜೀವಿ ಬಹುತೇಕ ಬ್ಯಾಸಿಲಸ್ ಜಾತಿಯದ್ದಾಗಿರುತ್ತದೆ, ಏಕೆಂದರೆ ಶಾಖವನ್ನು ದಾಟಿ ಬರಬಲ್ಲದ್ದು ಅಂತರ್ಬೀಜಾಣು ಮಾತ್ರ. ಈ ಬೀಜಾಣುವಿನ ಒಳತಿರುಳಿನಲ್ಲಿ ನೀರು ತೀರಾ ಕಡಿಮೆ. ಕ್ಯಾಲ್ಸಿಯಂ ಜೊತೆ ಸೇರಿದ ಡೈಪಿಕೋಲಿನಿಕ್ ಆಮ್ಲ ಅಲ್ಲಿ ತುಂಬಿರುತ್ತದೆ, ಸಣ್ಣ ಪ್ರೋಟೀನ್‌ಗಳು ಡಿಎನ್‌ಎಯನ್ನು ಸುತ್ತುವರಿದು ಕಾಯುತ್ತವೆ, ಹೊರಗೆ ಪೆಪ್ಟಿಡೋಗ್ಲೈಕಾನ್‌ನ (ಕೋಶಭಿತ್ತಿಯ ವಸ್ತುವಿನ) ಕಾರ್ಟೆಕ್ಸ್ ಎಂಬ ಪದರ ಮತ್ತು ಅದರ ಮೇಲೆ ಪ್ರೋಟೀನ್ ಹೊದಿಕೆ ಇರುತ್ತದೆ. ನೀರಿಲ್ಲದ ಕಡೆ ಪ್ರೋಟೀನ್‌ಗಳು ಶಾಖಕ್ಕೆ ಸುಲಭವಾಗಿ ಕೆಡುವುದಿಲ್ಲ. ಆದ್ದರಿಂದಲೇ ಕುದಿಯುವ ನೀರು ಸಾಲದೆ ಒತ್ತಡದ ಹಬೆ ಬೇಕಾಗುತ್ತದೆ.

ಈ ದೋಷಕ್ಕೆ ಪ್ರಸಿದ್ಧ ಇತಿಹಾಸವೇ ಇದೆ. 1870ರ ದಶಕದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಭೌತವಿಜ್ಞಾನಿ ಜಾನ್ ಟಿಂಡಾಲ್ ಅವರ ಕಷಾಯಗಳು ಕೆಲವು ನಿಮಿಷ ಕುದಿಸಿದರೆ ಸಾಕು, ಕೆಡದೆ ಉಳಿಯುತ್ತಿದ್ದವು. ಲ್ಯಾಬ್‌ಗೆ ಒಣಹುಲ್ಲು ತಂದಿಟ್ಟ ನಂತರ ಅದೇ ವಿಧಾನ ಸೋಲತೊಡಗಿತು, ಎಷ್ಟು ಕುದಿಸಿದರೂ ಕಷಾಯ ಕಲಕುತ್ತಿತ್ತು. ಅದೇ ಕಾಲದಲ್ಲಿ, 1876ರಲ್ಲಿ, ಸಸ್ಯವಿಜ್ಞಾನಿ ಫರ್ಡಿನಾಂಡ್ ಕೋನ್ ಬ್ಯಾಸಿಲಸ್ ಸಬ್ಟಿಲಿಸ್‌ನ ಬೀಜಾಣುಗಳನ್ನು ವಿವರಿಸಿದರು. ಟಿಂಡಾಲ್ ಕಂಡುಕೊಂಡ ಪರಿಹಾರ ಬಿಟ್ಟುಬಿಟ್ಟು ಬಿಸಿಮಾಡುವುದು: ಮೊದಲ ಬಿಸಿಗೆ ಉಳಿದ ಬೀಜಾಣು ಮೊಳೆತು ಸಾಮಾನ್ಯ ಕೋಶವಾದ ಮೇಲೆ ಮತ್ತೆ ಬಿಸಿಮಾಡಿದರೆ ಅದು ಸಾಯುತ್ತದೆ. ಹುಲ್ಲು, ಮಣ್ಣು, ಧೂಳು ಸೇರುವ ಕಡೆ ಬೀಜಾಣುಗಳ ಹೊರೆ ಹೆಚ್ಚುತ್ತದೆ ಎಂಬ ಪಾಠ ಇಂದಿಗೂ ಹಾಗೆಯೇ ಉಳಿದಿದೆ. ಮಣ್ಣಿನ ಮಾದರಿಗಳನ್ನು ತೂಗುವ ಮೇಜಿನ ಮೇಲೆ ಮಾಧ್ಯಮ ತಯಾರಿಸಬಾರದು.

ಈಗ ಆಟೊಕ್ಲೇವ್ ಕಡೆಗೆ. ಮೊದಲು ಅತ್ಯಂತ ಸುಲಭವಾದ ಪ್ರಶ್ನೆ: ಹಬೆಯ ಕವಾಟ ಮುಚ್ಚುವ ಮೊದಲು ಒಳಗಿನ ಗಾಳಿಯನ್ನು ಪೂರ್ತಿ ಹೊರಬಿಟ್ಟಿದ್ದೀರಾ? ಮಾಪಕದ ಮುಳ್ಳು ಚದರ ಇಂಚಿಗೆ 15 ಪೌಂಡ್ ತೋರಿಸಿದ ಮಾತ್ರಕ್ಕೆ ಒಳಗೆ 121 ಡಿಗ್ರಿ ಇದೆಯೆಂದಲ್ಲ. ಅರ್ಧದಷ್ಟು ಗಾಳಿ ಉಳಿದಿದ್ದರೆ ಅದೇ 15 ಪೌಂಡ್‌ನಲ್ಲಿ ಉಷ್ಣತೆ ಸುಮಾರು 112 ಡಿಗ್ರಿ ಮಾತ್ರ, ಗಾಳಿಯನ್ನು ಬಿಡಲೇ ಇಲ್ಲವಾದರೆ 100ರ ಆಸುಪಾಸು. ಹಬೆ ತಡೆಯಿಲ್ಲದೆ ಜೋರಾಗಿ ಬರತೊಡಗಿ ಕೆಲವು ನಿಮಿಷ ಕಳೆದ ಮೇಲೆಯೇ ಕವಾಟ ಮುಚ್ಚಿ. ಎರಡನೆಯದು ಪ್ರಮಾಣ: ಒಂದು ಲೀಟರ್ ಫ್ಲಾಸ್ಕ್‌ನ ನಡುಭಾಗ ಬಿಸಿಯಾಗಲು ಹತ್ತು ಮಿಲಿಲೀಟರ್ ಟ್ಯೂಬ್‌ಗಿಂತ ಬಹಳ ಹೆಚ್ಚು ಹೊತ್ತು ಬೇಕು, ಆದ್ದರಿಂದ ಎರಡನ್ನೂ ಒಂದೇ ಸುತ್ತಿನಲ್ಲಿ 15 ನಿಮಿಷಕ್ಕೆ ಇಟ್ಟು ಎರಡೂ ಶುದ್ಧವಾದವೆಂದು ನಂಬಬೇಡಿ. ಮೂರನೆಯದು ಕರೆಂಟ್: ನಡುವೆ ವಿದ್ಯುತ್ ಹೋಗಿ ಒತ್ತಡ ಇಳಿದಿದ್ದರೆ ಉಳಿದ ನಿಮಿಷಗಳನ್ನು ಮಾತ್ರ ಪೂರೈಸುವುದು ಸಾಲದು, ಸಮಯವನ್ನು ಮೊದಲಿನಿಂದ ಎಣಿಸಬೇಕು.

ಕರ್ನಾಟಕದ ಒಳನಾಡಿನ ಲ್ಯಾಬ್‌ಗಳು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಮಾಪಕ ತೋರಿಸುವುದು ಹೊರಗಿನ ವಾಯುಭಾರಕ್ಕಿಂತ ಒಳಗೆ ಎಷ್ಟು ಹೆಚ್ಚು ಒತ್ತಡವಿದೆ ಎಂಬುದನ್ನು. ಮಂಗಳೂರಿನ ಕಡಲಮಟ್ಟದಲ್ಲಿ 15 ಪೌಂಡ್ ಎಂದರೆ 121 ಡಿಗ್ರಿ. ಆದರೆ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹೊರಗಿನ ವಾಯುಭಾರವೇ ಕಡಿಮೆಯಿರುವುದರಿಂದ ಅದೇ ಮುಳ್ಳು ಅದೇ ಗುರುತಿನಲ್ಲಿದ್ದಾಗ ಒಳಗಿನ ಉಷ್ಣತೆ ಒಂದೂವರೆ ಡಿಗ್ರಿಯಷ್ಟು ಕಡಿಮೆ ಇರುತ್ತದೆ. ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಕಡಿಮೆ. ವ್ಯತ್ಯಾಸ ಚಿಕ್ಕದೆನಿಸಿದರೂ ಬೀಜಾಣುಗಳ ಸಾವಿನ ವೇಗ ಉಷ್ಣತೆಗೆ ಬಹಳ ಸೂಕ್ಷ್ಮವಾಗಿ ಸ್ಪಂದಿಸುವುದರಿಂದ 15 ನಿಮಿಷದ ಕೆಲಸಕ್ಕೆ ಬೆಂಗಳೂರಿನಲ್ಲಿ 20 ನಿಮಿಷಕ್ಕಿಂತ ಸ್ವಲ್ಪ ಹೆಚ್ಚೇ ಬೇಕಾಗುತ್ತದೆ. ಥರ್ಮಾಮೀಟರ್ ಇರುವ ಆಟೊಕ್ಲೇವ್ ಆಗಿದ್ದರೆ ಒತ್ತಡವನ್ನು ಬಿಟ್ಟು ಉಷ್ಣತೆಯನ್ನೇ ನಂಬಿ; ಆದರೆ ತಯಾರಕರು ಗುರುತಿಸಿದ ಒತ್ತಡದ ಮಿತಿಯನ್ನು ಮೀರಬೇಡಿ.

ಇಷ್ಟಾದರೂ ದೋಷ ಉಳಿದರೆ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಹಚ್ಚಿದ ಪಟ್ಟಿಯನ್ನು ಫ್ಲಾಸ್ಕ್‌ಗಳ ನಡುವೆ ಇಟ್ಟು ಒಂದು ಸುತ್ತು ನಡೆಸಿ, ಆಮೇಲೆ ಅದನ್ನು 55ರಿಂದ 60 ಡಿಗ್ರಿಯಲ್ಲಿ ಬೆಳೆಸಿ ನೋಡಿ. ಬೆಳೆದರೆ ಯಂತ್ರ ಸೋತಿದೆ. ಆಟೊಕ್ಲೇವ್ ಟೇಪ್‌ನ ಗೆರೆ ಕಪ್ಪಾಗಿದೆ ಎಂಬುದು ಪೊಟ್ಟಣದ ಹೊರಮೈಗೆ ಬಿಸಿ ತಗುಲಿದೆ ಎಂಬುದಕ್ಕಷ್ಟೇ ಪುರಾವೆ. ಬೀಜಾಣು ಪರೀಕ್ಷೆ ವಿಫಲವಾದರೆ, ಗ್ಯಾಸ್ಕೆಟ್‌ನಿಂದ ಹಬೆ ಸೋರುತ್ತಿದ್ದರೆ ಅಥವಾ ಸುರಕ್ಷಾ ಕವಾಟ ಅಂಟಿಕೊಂಡಿದ್ದರೆ ಅಲ್ಲಿಗೇ ನಿಲ್ಲಿಸಿ, ತಂತ್ರಜ್ಞರನ್ನು ಕರೆಸಿ. ಒತ್ತಡದ ಪಾತ್ರೆಯನ್ನು ಸ್ವತಃ ಬಿಚ್ಚಿ ರಿಪೇರಿ ಮಾಡಬೇಡಿ. ಮುಳ್ಳು ಸೊನ್ನೆಗೆ ಬರುವವರೆಗೆ ಮುಚ್ಚಳ ಸಡಿಲಿಸಬೇಡಿ. ಆಗತಾನೆ ತೆಗೆದ ಅಗರ್ ಫ್ಲಾಸ್ಕ್ ಅಲುಗಾಡಿಸಿದ ಕ್ಷಣವೇ ಉಕ್ಕಿ ಕೈ ಸುಡಬಲ್ಲದು.

## ಲಕ್ಷಣ: ಎಳೆದ ಗೆರೆಯ ಹೊರಗೆ ಒಂಟಿ ಕಾಲನಿಗಳು

ಗೆರೆಯ ಮೇಲೆ ಬಂದದ್ದು ಲೂಪ್ ತಂದದ್ದು, ಗೆರೆಯ ಹೊರಗೆ ಬಂದದ್ದು ಗಾಳಿ, ಕೈ ಅಥವಾ ಮುಚ್ಚಳ ತಂದದ್ದು ಎಂಬ ಸರಳ ಸೂತ್ರ ಇಲ್ಲಿ ಬಹಳ ಮಟ್ಟಿಗೆ ನಿಜ. 1887ರಲ್ಲಿ ಜರ್ಮನಿಯ ವಿಜ್ಞಾನಿ ಪೆಟ್ರಿ ವಿವರಿಸಿದ ತಟ್ಟೆಯ ಸೊಗಸೆಲ್ಲ ಅದರ ಮುಚ್ಚಳದಲ್ಲಿದೆ: ಅಂಚನ್ನು ದಾಟಿ ಕೆಳಗಿಳಿಯುವ ಮುಚ್ಚಳದಿಂದಾಗಿ ಗಾಳಿಯಾಡಿದರೂ ಮೇಲಿನಿಂದ ಬೀಳುವ ಕಣ ಒಳಗೆ ಸೇರುವುದಿಲ್ಲ. ಮುಚ್ಚಳವನ್ನು ತೆಗೆದು ಮೇಜಿನ ಮೇಲಿಟ್ಟರೆ ಆ ರಕ್ಷಣೆ ಇಲ್ಲವಾಗುತ್ತದೆ. ಓರೆಯಾಗಿ ಎತ್ತಿ, ಕೆಲಸ ಮುಗಿದ ಕೂಡಲೇ ಮುಚ್ಚಿ. ತೆರೆದ ಪ್ಲೇಟ್‌ನ ಮೇಲೆ ಮಾತನಾಡಬೇಡಿ, ಅದರ ಮೇಲಿಂದ ಕೈ ಚಾಚಬೇಡಿ.

ಮೂವತ್ತು ನಲವತ್ತು ವಿದ್ಯಾರ್ಥಿಗಳು ಸೇರುವ ಕಾಲೇಜು ಲ್ಯಾಬ್‌ನಲ್ಲಿ ಸೀಲಿಂಗ್ ಫ್ಯಾನ್ ಮೊದಲ ಆರೋಪಿ. ಅದನ್ನು ಆರಿಸಿ, ಒಂದು ಪ್ಲೇಟ್ ಅನ್ನು ಕೆಲಸದ ಜಾಗದಲ್ಲಿ 30 ನಿಮಿಷ ತೆರೆದಿಟ್ಟು, ಇನ್ನೊಂದನ್ನು ಫ್ಯಾನ್ ಓಡುವಾಗ ಅಷ್ಟೇ ಹೊತ್ತು ತೆರೆದಿಟ್ಟು ಹೋಲಿಸಿ. ಹಳದಿ, ಕಿತ್ತಳೆ ಬಣ್ಣದ ದುಂಡನೆಯ ಕಾಲನಿಗಳು ಬಂದರೆ ಅವು ಹೆಚ್ಚಾಗಿ ಗಾಳಿಯಲ್ಲಿ ತೇಲುವ ಮೈಕ್ರೋಕಾಕಸ್‌ನಂಥವು. ಬಣ್ಣದ ಕ್ಯಾರೋಟಿನಾಯ್ಡ್‌ಗಳು ಬಿಸಿಲಿನಿಂದ ಅವುಗಳ ಕೋಶಪೊರೆಯನ್ನು ಕಾಪಾಡುತ್ತವೆ, ದಪ್ಪ ಕೋಶಭಿತ್ತಿ ಒಣಗುವಿಕೆಯನ್ನು ತಾಳಿಕೊಳ್ಳುತ್ತದೆ. ಬಿಳಿ, ನಯವಾದ ಸಣ್ಣ ಕಾಲನಿಗಳು ಚರ್ಮದ ಸ್ಟೆಫಿಲೋಕಾಕಸ್ ಆಗಿರುವ ಸಾಧ್ಯತೆ ಹೆಚ್ಚು, ಆಗ ಕೈಗಳ ಬಗ್ಗೆ ಯೋಚಿಸಬೇಕು.

ಒರೆಸುವ ಆಲ್ಕೋಹಾಲ್ 70 ಶೇಕಡಾ ಇರಬೇಕು, ಅದಕ್ಕಿಂತ ಗಾಢವಾದದ್ದು ಇನ್ನೂ ಒಳ್ಳೆಯದೆಂಬ ನಂಬಿಕೆ ತಪ್ಪು. ಪ್ರೋಟೀನ್ ಕೆಡಲು ನೀರು ಬೇಕು, ಶುದ್ಧ ಆಲ್ಕೋಹಾಲ್ ಬೇಗ ಆರಿಯೂ ಹೋಗುತ್ತದೆ. ಸರಿಯಾದ 70 ಶೇಕಡಾ ದ್ರವವೂ ಬೀಜಾಣುಗಳನ್ನು ಕೊಲ್ಲುವುದಿಲ್ಲ. ಒರೆಸಿದ ಮೇಜಿನಿಂದಲೇ ಬ್ಯಾಸಿಲಸ್ ಬರುತ್ತಿದ್ದರೆ ಆಶ್ಚರ್ಯವಿಲ್ಲ. ಮೊದಲು ಧೂಳನ್ನು ಒದ್ದೆ ಬಟ್ಟೆಯಿಂದ ತೆಗೆದು ಆಮೇಲೆ ಆಲ್ಕೋಹಾಲ್ ಹಚ್ಚಿ. ಆಲ್ಕೋಹಾಲ್ ಬಾಟಲಿ ದೀಪದಿಂದ ದೂರವಿರಲಿ, ಕೈ ಪೂರ್ತಿ ಒಣಗದೆ ದೀಪ ಹಚ್ಚಬೇಡಿ, ಉರಿಯುವ ಸ್ಪಿರಿಟ್ ದೀಪಕ್ಕೆ ಸ್ಪಿರಿಟ್ ಸುರಿಯಬೇಡಿ. ಲ್ಯಾಬ್‌ಗಳಲ್ಲಿ ಸೋಂಕಿಗಿಂತ ಮೊದಲು ಸುಡುವುದು ಬೆಂಕಿ.

ಲ್ಯಾಮಿನಾರ್ ಫ್ಲೋ (ಸೋಸಿದ ಗಾಳಿ ಬೀಸುವ ಕೆಲಸದ ಪೆಟ್ಟಿಗೆ) ಇದ್ದೂ ಹೀಗಾಗುತ್ತಿದ್ದರೆ, ಕೆಲಸಕ್ಕೆ 15 ನಿಮಿಷ ಮುಂಚೆ ಅದನ್ನು ಚಾಲೂ ಮಾಡಲಾಗುತ್ತಿದೆಯೇ, ಒಳಗೆ ಡಬ್ಬಿ ಪುಸ್ತಕಗಳನ್ನು ಪೇರಿಸಿ ಗಾಳಿಯ ದಾರಿ ತಡೆಯಲಾಗಿದೆಯೇ, ಯುವಿ ದೀಪವನ್ನೇ ನಂಬಿ ಒರೆಸುವುದನ್ನು ಬಿಡಲಾಗಿದೆಯೇ ಎಂದು ನೋಡಿ. ಒಳಗೆ ತೆರೆದಿಟ್ಟ ಪ್ಲೇಟ್‌ನಲ್ಲಿ ಪದೇ ಪದೇ ಕಾಲನಿ ಬಂದರೆ ಗಾಳಿ ಸೋಸುವ ಹೆಪಾ ಫಿಲ್ಟರ್ ಪರೀಕ್ಷಿಸುವುದು ಸೇವಾ ತಂತ್ರಜ್ಞರ ಕೆಲಸ. ಅಡ್ಡಲಾಗಿ ಗಾಳಿ ಬೀಸುವ ಲ್ಯಾಮಿನಾರ್ ಫ್ಲೋ ಪ್ಲೇಟ್ ಅನ್ನು ಕಾಪಾಡುತ್ತದೆ, ಎದುರು ಕುಳಿತವರನ್ನಲ್ಲ. ಪ್ಲೇಟ್ ಮೇಲಿನ ಗಾಳಿ ನೇರ ಮುಖಕ್ಕೆ ಬರುತ್ತದೆ. ರೋಗಿಯ ಮಾದರಿಯನ್ನು ಅದರಲ್ಲಿ ಎಂದೂ ತೆರೆಯಬೇಡಿ, ಅದಕ್ಕೆ ಬಯೋಸೇಫ್ಟಿ ಕ್ಯಾಬಿನೆಟ್ ಬೇಕು.

## ಲಕ್ಷಣ: ಹತ್ತಿಯಂಥ, ಹಸಿರು ಅಥವಾ ಕಪ್ಪು ಬೂಷ್ಟು

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನ ಲ್ಯಾಬ್‌ಗಳಲ್ಲಿ ಇದು ಮಾಮೂಲು. ಬೂಷ್ಟಿನ ಪ್ಲೇಟ್ ತೆರೆದರೆ ಲಕ್ಷಾಂತರ ಬೀಜಕಣಗಳು ಕೋಣೆಯಲ್ಲಿ ಹರಡುತ್ತವೆ, ಮುಂದಿನ ಹಲವು ಬ್ಯಾಚ್‌ಗಳು ಕೆಡುತ್ತವೆ, ಉಸಿರಾಟದ ತೊಂದರೆ ಇರುವವರಿಗೆ ಅಪಾಯವೂ ಹೌದು. ಅಂಚಿಗೆ ಟೇಪ್ ಸುತ್ತಿ ಹಾಗೆಯೇ ಆಟೊಕ್ಲೇವ್‌ಗೆ ಹಾಕಿ. ಬೂಷ್ಟು ಪ್ಲೇಟ್‌ನ ಅಂಚಿನಿಂದ ಒಳಗೆ ಬಂದಿದ್ದರೆ ಸಂಗ್ರಹದ ಜಾಗದ ತೇವವೇ ಕಾರಣ. ಟ್ಯೂಬ್‌ಗಳಲ್ಲಿ ಬಂದಿದ್ದರೆ ಹತ್ತಿಯ ಮುಚ್ಚಳ ನೋಡಿ: ಒದ್ದೆಯಾದ ಹತ್ತಿಯ ಮೂಲಕ ಜೀವಿಗಳು ದಾಟಬಲ್ಲವು, ಆದ್ದರಿಂದ ನೀರು ಹೀರದ ಹತ್ತಿಯನ್ನೇ ಬಳಸಿ, ಆಟೊಕ್ಲೇವ್‌ನಲ್ಲಿ ಅದರ ಮೇಲೆ ಕಾಗದ ಕಟ್ಟಿ. ಸಣ್ಣ ಕಾಲನಿಗಳು ಹೆಜ್ಜೆಗುರುತಿನಂತೆ ಒಂದು ವಕ್ರಗೆರೆಯಲ್ಲಿ ಸಾಲಾಗಿ ಬಂದಿದ್ದರೆ ನುಸಿಗಳು ಓಡಾಡಿವೆ ಎಂದು ತಿಳಿಯಿರಿ. ಅವು ಬೀಜಕಣಗಳನ್ನು ಮೈಗಂಟಿಸಿಕೊಂಡು ಪ್ಲೇಟ್‌ನಿಂದ ಪ್ಲೇಟ್‌ಗೆ ಸಾಗಿಸುತ್ತವೆ. ಆಗ ಹಳೆಯ ಕಲ್ಚರ್‌ಗಳನ್ನೆಲ್ಲ ವಿಲೇವಾರಿ ಮಾಡಿ ಕಪಾಟನ್ನೇ ಶುಚಿಮಾಡಬೇಕಾಗುತ್ತದೆ.

## ಲಕ್ಷಣ: ಬೆಳವಣಿಗೆ ಪ್ಲೇಟ್ ತುಂಬ ಹರಡಿ ಬಿಡಿ ಕಾಲನಿ ಸಿಗುತ್ತಿಲ್ಲ

ಮೊದಲು ಮುಚ್ಚಳದ ನೀರನ್ನು ನೋಡಿ. ಹನಿ ಬಿದ್ದಲ್ಲಿ ಕಾಲನಿಗಳು ತೇಲಿ ಬೆರೆತಿರುತ್ತವೆ. ಪ್ಲೇಟ್‌ಗಳನ್ನು ಒಣಗಿಸಿ, ಬೋರಲಾಗಿ ಇಡುವುದರಿಂದ ಇದು ನಿಲ್ಲುತ್ತದೆ. ನೀರಿಲ್ಲದೆಯೂ ಅಲೆಯ ಮೇಲೆ ಅಲೆಯಂತೆ ವರ್ತುಲಗಳಾಗಿ ತೆಳು ಪೊರೆ ಹರಡಿದ್ದರೆ ಅದು ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ. ಅದರ ಕೋಶದ ಸುತ್ತಲೂ ಕಶಾಂಗಗಳಿವೆ, ಗಟ್ಟಿ ಮೇಲ್ಮೈ ಸಿಕ್ಕಾಗ ಕೋಶ ಉದ್ದವಾಗಿ ಕಶಾಂಗಗಳ ಸಂಖ್ಯೆ ಹೆಚ್ಚಿ ಗುಂಪಾಗಿ ಚಲಿಸುತ್ತದೆ. ಇದು ನಿಮ್ಮ ಗೆರೆ ಎಳೆಯುವ ಕ್ರಮದ ದೋಷವಲ್ಲ. ಪಿತ್ತ ಲವಣಗಳಿರುವ ಮ್ಯಾಕಾಂಕಿ ಅಗರ್‌ನಲ್ಲಿ ಅದು ಹಾಗೆ ಹರಡುವುದಿಲ್ಲ, ಅಲ್ಲಿಗೆ ವರ್ಗಾಯಿಸಿ ಬಿಡಿ ಕಾಲನಿ ಪಡೆಯಿರಿ.

ಲೋಳೆಯಂಥ, ಹೊಳೆಯುವ ದೊಡ್ಡ ಕಾಲನಿಗಳು ಒಂದಕ್ಕೊಂದು ಸೇರಿ ಮುಚ್ಚಳಕ್ಕೆ ಇಳಿಯುತ್ತಿದ್ದರೆ ಕ್ಲೆಬ್ಸಿಯೆಲ್ಲಾದಂಥ ಕೋಶಕವಚವಿರುವ ಜೀವಿಯನ್ನು ಶಂಕಿಸಿ. ನೈಗ್ರೋಸಿನ್‌ನಿಂದ ಹಿನ್ನೆಲೆಯನ್ನು ಕಪ್ಪಾಗಿಸಿ ನೋಡಿದರೆ ಪ್ರತಿ ಕೋಶದ ಸುತ್ತ ಬೆಳಕಿನ ವಲಯ ಕಾಣುತ್ತದೆ, ಅದೇ ಕವಚ. ಈ ಎರಡೂ ಇಲ್ಲದೆ ಸಾಮಾನ್ಯ ಜೀವಿಯೇ ಒತ್ತೊತ್ತಾಗಿ ಬಂದಿದ್ದರೆ ಕಾರಣ ಸರಳ: ಲೂಪ್‌ನಲ್ಲಿ ಹೆಚ್ಚು ತೆಗೆದಿದ್ದೀರಿ, ಅಥವಾ ಒಂದು ಭಾಗದಿಂದ ಮುಂದಿನ ಭಾಗಕ್ಕೆ ಹೋಗುವಾಗ ಲೂಪ್ ಕಾಯಿಸಿಲ್ಲ.

## ಲಕ್ಷಣ: ಏನೂ ಬೆಳೆದಿಲ್ಲ

ಗೊತ್ತಿರುವ ಕಲ್ಚರ್‌ನ ಕಂಟ್ರೋಲ್ ಪ್ಲೇಟ್ ಬೆಳೆದಿದ್ದರೆ ಮಾಧ್ಯಮ ಸರಿಯಿದೆ; ಲೂಪ್ ತಣಿಯುವ ಮುನ್ನ ಕಾಲನಿಗೆ ಮುಟ್ಟಿಸಿದ್ದೀರೋ ನೋಡಿ. ಚುರ್ ಎಂಬ ಸದ್ದು ಬಂದಿದ್ದರೆ ಕೋಶಗಳು ಅಲ್ಲೇ ಸತ್ತವು, ಜೊತೆಗೆ ತುಂತುರು ಗಾಳಿಗೆ ಸೇರಿತು. ಲೂಪ್ ಅನ್ನು ಅಗರ್‌ನ ಖಾಲಿ ಅಂಚಿಗೆ ಮುಟ್ಟಿಸಿ ತಣಿಸಿ. ಕಂಟ್ರೋಲ್ ಕೂಡ ಬೆಳೆಯದಿದ್ದರೆ ಇನ್‌ಕ್ಯುಬೇಟರ್‌ನೊಳಗೆ ಬೇರೆ ಥರ್ಮಾಮೀಟರ್ ಇಟ್ಟು ನೋಡಿ, ಆಮೇಲೆ ಮಾಧ್ಯಮದ ಪಿಎಚ್ ಪರೀಕ್ಷಿಸಿ. ಇನ್ನು ಸ್ಟೆಫಿಲೋಕಾಕಸ್ ಮ್ಯಾಕಾಂಕಿ ಅಗರ್‌ನಲ್ಲಿ ಬರಲಿಲ್ಲವೆಂದು ದೂರುವುದಕ್ಕೆ ಕಾರಣವಿಲ್ಲ. ಅದರಲ್ಲಿನ ಪಿತ್ತ ಲವಣ ಮತ್ತು ಕ್ರಿಸ್ಟಲ್ ವಯಲೆಟ್ ಅನ್ನು ಗ್ರಾಮ್ ನೆಗೆಟಿವ್ ಕೋಶದ (ಮುಂದೆ ಹೇಳುವ ಗ್ರಾಮ್ ಬಣ್ಣದಲ್ಲಿ ಗುಲಾಬಿಯಾಗುವ ಕೋಶದ) ಹೊರಪೊರೆ ತಡೆಯುತ್ತದೆ. ಆ ಹೊರಪೊರೆ ಇಲ್ಲದ, ನೇರಳೆಯಾಗುವ ಗ್ರಾಮ್ ಪಾಸಿಟಿವ್ ಕೋಶಕ್ಕೆ ಅವು ನೇರ ತಗಲುತ್ತವೆ. ಮಾಧ್ಯಮ ತನ್ನ ಕೆಲಸ ಮಾಡಿದೆ.

## ಲಕ್ಷಣ: ಬ್ರಾತ್ ಕಲಕಿದೆ

ಜೀವಿ ಹಾಕದೇ ಇದ್ದ ಬ್ರಾತ್‌ನ (ದ್ರವ ಮಾಧ್ಯಮದ) ಟ್ಯೂಬ್ ಕಲಕಿದ್ದರೆ ಅದು ಬೆಳವಣಿಗೆಯೋ ಅವಕ್ಷೇಪವೋ ಎಂಬುದನ್ನು ಮೊದಲು ತೀರ್ಮಾನಿಸಿ. ಅತಿಯಾಗಿ ಕಾಯಿಸಿದ ಮಾಧ್ಯಮದಲ್ಲಿ ಲವಣಗಳು ತಳಕ್ಕಿಳಿಯುತ್ತವೆ, ಅವು ಮೊದಲ ದಿನದಿಂದಲೇ ಇದ್ದು ಹೆಚ್ಚಾಗುವುದಿಲ್ಲ. ದಿನದಿಂದ ದಿನಕ್ಕೆ ಹೆಚ್ಚಾದರೆ ಜೀವ ಇದೆ. ಸಂದೇಹವಿದ್ದರೆ ಒಂದು ಹನಿಯನ್ನು ಗ್ರಾಮ್ ಬಣ್ಣಕ್ಕೆ ಒಳಪಡಿಸಿ.

## ಲಕ್ಷಣ: ಗ್ರಾಮ್ ಬಣ್ಣ ತಪ್ಪಾಗಿ ಬಂದಿದೆ

1884ರಲ್ಲಿ ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಪ್ರಕಟಿಸಿದ ಈ ವಿಧಾನ ನಿಂತಿರುವುದು ಒಂದೇ ಹಂತದ ಮೇಲೆ. ಕ್ರಿಸ್ಟಲ್ ವಯಲೆಟ್ ಮತ್ತು ಅಯೋಡಿನ್ ಸೇರಿ ಕೋಶದೊಳಗೆ ದೊಡ್ಡ ಸಂಯುಕ್ತವಾಗುತ್ತವೆ. ಆಲ್ಕೋಹಾಲ್ ಹಾಕಿದಾಗ ಗ್ರಾಮ್ ಪಾಸಿಟಿವ್ ಕೋಶದ ದಪ್ಪ ಪೆಪ್ಟಿಡೋಗ್ಲೈಕಾನ್ ಪದರದ ನೀರು ಇಳಿದು ರಂಧ್ರಗಳು ಕುಗ್ಗುತ್ತವೆ, ಬಣ್ಣ ಒಳಗೇ ಸಿಕ್ಕಿಬೀಳುತ್ತದೆ. ಗ್ರಾಮ್ ನೆಗೆಟಿವ್ ಕೋಶದಲ್ಲಿ ಅದೇ ಆಲ್ಕೋಹಾಲ್ ಹೊರಪೊರೆಯ ಕೊಬ್ಬನ್ನು ಕರಗಿಸುತ್ತದೆ, ತೆಳುವಾದ ಪದರದಿಂದ ಬಣ್ಣ ಹೊರಹೋಗುತ್ತದೆ, ಕೊನೆಯ ಸ್ಯಾಫ್ರನಿನ್ ಗುಲಾಬಿ ಬಣ್ಣ ಕೊಡುತ್ತದೆ. ಆದ್ದರಿಂದ ತಪ್ಪು ಬಣ್ಣ ಕಂಡಾಗ ಕೇಳಬೇಕಾದ್ದು ಇಷ್ಟೇ: ಭಿತ್ತಿಗೆ ಏನಾಗಿದೆ, ಅಥವಾ ಭಿತ್ತಿಯವರೆಗೆ ಆಲ್ಕೋಹಾಲ್ ತಲುಪಿತೇ?

ಪರೀಕ್ಷಿಸುವ ಸ್ಲೈಡ್‌ನಲ್ಲೇ ಒಂದು ಬದಿಗೆ ಸ್ಟೆಫಿಲೋಕಾಕಸ್, ಇನ್ನೊಂದು ಬದಿಗೆ ಇ. ಕೋಲೈ ಹಚ್ಚಿ, ನಡುವೆ ನಿಮ್ಮ ಮಾದರಿ ಇಡಿ. ಎರಡೂ ನೇರಳೆಯಾಗಿದ್ದರೆ ಬಣ್ಣ ತೆಗೆಯುವ ಹಂತ ಕಡಿಮೆಯಾಗಿದೆ, ಇಲ್ಲವೇ ಸ್ಮಿಯರ್ (ಸ್ಲೈಡ್‌ಗೆ ಹಚ್ಚಿದ ಮಾದರಿಯ ಪದರ) ದಪ್ಪವಾಗಿದೆ. ಸ್ಮಿಯರ್ ಒಣಗಿದಾಗ ಅದರ ಹಿಂದಿನ ಅಕ್ಷರ ಓದಲು ಬರುವಷ್ಟು ತೆಳುವಾಗಿರಬೇಕು. ಎರಡೂ ಗುಲಾಬಿಯಾಗಿದ್ದರೆ ಆಲ್ಕೋಹಾಲ್ ಹೆಚ್ಚಾಗಿದೆ, ಅಯೋಡಿನ್ ಹಾಕುವುದು ಮರೆತಿದೆ ಅಥವಾ ಅದು ಹಳೆಯದಾಗಿ ಕಂದು ಬಣ್ಣ ಕಳೆದುಕೊಂಡಿದೆ. ಶುದ್ಧ ಆಲ್ಕೋಹಾಲ್‌ಗೆ 10ರಿಂದ 20 ಸೆಕೆಂಡ್ ಸಾಕು. ಅಸಿಟೋನ್ ಬೆರೆತಿದ್ದರೆ ಇನ್ನೂ ಬಹಳ ಬೇಗ. ಇಳಿಯುವ ಹನಿ ಬಣ್ಣವಿಲ್ಲದಂತಾದ ತಕ್ಷಣ ನೀರಿನಿಂದ ತೊಳೆಯಿರಿ.

ಕಂಟ್ರೋಲ್‌ಗಳು ಸರಿಯಿದ್ದು ನಿಮ್ಮ ಮಾದರಿ ಮಾತ್ರ ನೇರಳೆ ಮತ್ತು ಗುಲಾಬಿಯ ಮಿಶ್ರಣವಾಗಿದ್ದರೆ ಎರಡು ಸಾಧ್ಯತೆಗಳಿವೆ. ಎರಡು ಬಣ್ಣದ ಕೋಶಗಳ ಆಕಾರ, ಗಾತ್ರ ಬೇರೆ ಬೇರೆಯಾಗಿದ್ದರೆ ಕಲ್ಚರ್ ಬೆರಕೆಯಾಗಿದೆ, ಮತ್ತೆ ಗೆರೆ ಎಳೆದು ಬಿಡಿಸಿ. ಆಕಾರ ಒಂದೇ ಆಗಿದ್ದು ಬಣ್ಣ ಮಾತ್ರ ಬೇರೆಯಾದರೆ ಕಲ್ಚರ್‌ನ ವಯಸ್ಸು ಕೇಳಿ. ಹಳೆಯ ಬ್ಯಾಸಿಲಸ್‌ನಲ್ಲಿ ಕೋಶದ ಸ್ವಂತ ಕಿಣ್ವಗಳೇ ಭಿತ್ತಿಯನ್ನು ತಿನ್ನುತ್ತವೆ, ಗ್ರಾಮ್ ಪಾಸಿಟಿವ್ ಆಗಿದ್ದುದು ಗುಲಾಬಿಯಾಗಿ ಕಾಣುತ್ತದೆ. 18ರಿಂದ 24 ಗಂಟೆಯ ಕಲ್ಚರ್‌ನಿಂದಲೇ ಪರೀಕ್ಷಿಸಿ. ದಂಡಾಕಾರದ ಕೋಶದೊಳಗೆ ಬಣ್ಣ ಹಿಡಿಯದ ಮೊಟ್ಟೆಯಾಕಾರದ ಖಾಲಿ ಜಾಗ ಕಂಡರೆ ಅದು ಬೀಜಾಣು. ಸ್ಲೈಡ್‌ಗೆ ಹಬೆಯ ಮೇಲೆ 5 ನಿಮಿಷ ಮಾಲಕೈಟ್ ಗ್ರೀನ್ ಕೊಟ್ಟರೆ ಅದೇ ಜಾಗ ಹಸಿರಾಗಿ ಕಾಣುತ್ತದೆ. ಅತಿಯಾಗಿ ಕಾಯಿಸಿ ಸ್ಮಿಯರ್ ಸ್ಥಿರಗೊಳಿಸಿದರೂ ಭಿತ್ತಿ ಬಿರಿದು ಇಂಥದ್ದೇ ತಪ್ಪಾಗುತ್ತದೆ; ಸ್ಲೈಡ್‌ನ ಹಿಂಬದಿ ಕೈಗೆ ತಾಳುವಷ್ಟೇ ಬಿಸಿಯಿರಲಿ.

ಇನ್ನೂ ಅನುಮಾನವಿದ್ದರೆ ಬಣ್ಣವೇ ಬೇಡದ ಪರೀಕ್ಷೆಯೊಂದಿದೆ. 3 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನ ಹನಿಯಲ್ಲಿ ಹೊಸ ಕಾಲನಿಯನ್ನು ಒಂದು ನಿಮಿಷದವರೆಗೆ ಕಲಸಿ ಲೂಪ್ ಮೇಲೆತ್ತಿ. ಗ್ರಾಮ್ ನೆಗೆಟಿವ್ ಆಗಿದ್ದರೆ ತೆಳುಭಿತ್ತಿ ಒಡೆದು ಹೊರಬಂದ ಡಿಎನ್‌ಎ ದಾರದಂತೆ ಎಳೆಯಾಗುತ್ತದೆ. ಗ್ರಾಮ್ ಪಾಸಿಟಿವ್ ಆದರೆ ನೀರಿನಂತೆಯೇ ಉಳಿಯುತ್ತದೆ. ಈ ದ್ರಾವಣ ಕಣ್ಣಿಗೆ ಅಪಾಯಕಾರಿ, ಕನ್ನಡಕ ಧರಿಸಿಯೇ ಮಾಡಿ. ಬಣ್ಣವೇ ಸರಿಯಾಗಿ ಹಿಡಿಯದ ತೆಳು ದಂಡಗಳು ರೋಗಿಯ ಕಫದ ಮಾದರಿಯಲ್ಲಿ ಕಂಡರೆ ಮುಂದುವರಿಯಬೇಡಿ. ಮೈಕೋಲಿಕ್ ಆಮ್ಲದ ಮೇಣದಂಥ ಭಿತ್ತಿಯಿರುವ ಮೈಕೋಬ್ಯಾಕ್ಟೀರಿಯಂ (ಕ್ಷಯ ತರುವ ಬ್ಯಾಕ್ಟೀರಿಯಾದ ಗುಂಪು) ಹೀಗೆಯೇ ಕಾಣುತ್ತದೆ, ಅದು ತೆರೆದ ಮೇಜಿನ ಮೇಲೆ ಮಾಡುವ ಕೆಲಸವಲ್ಲ.

## ಯಾವಾಗ ನಿಲ್ಲಿಸಬೇಕು

ಗಾಳಿ, ಮಣ್ಣು, ಕೈಯಿಂದ ಬಂದ ಗೊತ್ತಿಲ್ಲದ ಕಾಲನಿಗಳನ್ನು ಕುತೂಹಲಕ್ಕಾಗಿ ಬ್ಲಡ್ ಅಗರ್‌ಗೆ ವರ್ಗಾಯಿಸಿ 37 ಡಿಗ್ರಿಯಲ್ಲಿ ಹೆಚ್ಚಿಸುವುದು ಬೋಧನಾ ಲ್ಯಾಬ್‌ನ ಕೆಲಸವಲ್ಲ. ಗುರುತಿಸಲೇಬೇಕಿದ್ದರೆ ಅದಕ್ಕೆ ತಕ್ಕ ಸೌಲಭ್ಯವಿರುವ ಪ್ರಯೋಗಾಲಯಕ್ಕೆ ಮೇಲ್ವಿಚಾರಕರ ಮೂಲಕ ಕಳುಹಿಸಿ. ಒಂದೇ ದೋಷ ಮೇಲಿನ ಪರೀಕ್ಷೆಗಳೆಲ್ಲ ಮುಗಿದ ಮೇಲೂ ಮರುಕಳಿಸಿದರೆ ಸ್ಟಾಕ್ ಕಲ್ಚರೇ ಬೆರಕೆಯಾಗಿರಬಹುದು, ವಿಶ್ವಾಸಾರ್ಹ ಕಲ್ಚರ್ ಸಂಗ್ರಹಾಲಯದಿಂದ ಹೊಸದನ್ನು ತರಿಸುವುದೇ ಅಗ್ಗ.

ಕಲ್ಚರ್ ಚೆಲ್ಲಿದರೆ ಗಾಜಿನ ಚೂರನ್ನು ಕೈಯಿಂದ ಮುಟ್ಟದೆ, ಕಾಗದ ಅಥವಾ ಬಟ್ಟೆ ಮುಚ್ಚಿ, ಅಂಚಿನಿಂದ ನಡುವಿಗೆ ಸೋಂಕುನಾಶಕ ಸುರಿದು 20ರಿಂದ 30 ನಿಮಿಷ ಬಿಡಿ. ಕಣ್ಣಿಗೆ ಸಿಡಿದರೆ, ಚರ್ಮ ಹರಿದರೆ ಕೂಡಲೇ ಹರಿಯುವ ನೀರಿನಲ್ಲಿ ತೊಳೆದು, ಯಾವ ಜೀವಿಯೊಂದಿಗೆ ಕೆಲಸ ಮಾಡುತ್ತಿದ್ದಿರಿ ಎಂಬುದನ್ನು ಮೇಲ್ವಿಚಾರಕರಿಗೂ ವೈದ್ಯರಿಗೂ ತಿಳಿಸಿ. ಬೆಳೆದ ಪ್ಲೇಟ್‌ಗಳನ್ನು ಆಟೊಕ್ಲೇವ್ ಮಾಡದೆ ಹೊರಗೆ ಕಳುಹಿಸುವಂತಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಸೂಕ್ಷ್ಮಜೀವಿ ಲ್ಯಾಬ್‌ನ ತ್ಯಾಜ್ಯವನ್ನು ಇದ್ದಲ್ಲೇ ಸಂಸ್ಕರಿಸಿ ಹಳದಿ ವರ್ಗದಲ್ಲಿ ವಿಲೇವಾರಿ ಮಾಡಬೇಕು. ಹೈಪೋಕ್ಲೋರೈಟ್ ಸುರಿದ ಪ್ಲೇಟ್ ಅಥವಾ ಬಟ್ಟೆಯನ್ನು ಮಾತ್ರ ಆಟೊಕ್ಲೇವ್‌ಗೆ ಹಾಕಬೇಡಿ, ಆಮ್ಲದೊಂದಿಗೂ ಸೇರಿಸಬೇಡಿ. ಎರಡರಲ್ಲೂ ವಿಷಕಾರಿ ಕ್ಲೋರಿನ್ ಅನಿಲ ಹೊರಬರುವ ಅಪಾಯವಿದೆ.